ಮುತ್ತಜ್ಜನ ನಳಿಯಲ್ಲಿ ಸಿಕ್ಕ ಎರಡು ಕಾಗದ: ಸುಂಕೇರಿಯಲ್ಲಿ ಹುಟ್ಟಿದವನು ‘ಏಲಿಯನ್’ ಹೇಗಾದ?

ಸುಂಕೇರಿಯವಳು:

ನಮಸ್ಕಾರ. ಕಾರವಾರದ ಹಳೇ ಸಂಗತಿ ಬಲ್ಲವರೂ ಹಡಗಿನಲ್ಲಿ ದುಡಿದವರೂ ಇಲ್ಲಿದ್ದೀರಿ ಅಂತ ಗೊತ್ತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಬರಹ ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ಕಾರವಾರದ ಸುಂಕೇರಿಯ ನಮ್ಮ ಹಳೇ ಮನೆಯ ಮಾಡು ಇನ್ನೊಂದು ಮಳೆಗಾಲ ತಡೆಯುವ ಹಾಗಿರಲಿಲ್ಲ. ಏಪ್ರಿಲ್‌ನಲ್ಲಿ ಹಂಚು ಇಳಿಸಿದೆವು. ಅಟ್ಟದಲ್ಲಿ ಗೆದ್ದಲು ತಿಂದ ಬಲೆಯ ಕೆಳಗೆ ಒಂದು ತಗಡಿನ ಕೊಳವೆ ಸಿಕ್ಕಿತು. ಮೊಣಕೈ ಉದ್ದ ಇದೆ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತೆಂಗಿನೆಣ್ಣೆ ಹಚ್ಚಿ ಎರಡು ದಿನ ಬಿಟ್ಟ ಮೇಲೆ ತೆರೆಯಿತು.

ನೋಡಿದ ಕೂಡಲೇ ಅದೇನು ಅಂತ ಗೊತ್ತಾಯಿತು. ನಮ್ಮ ಮನೆಯಲ್ಲಿ ಅದರ ಹೆಸರು ‘ನಳಿ’. ಚಿಕ್ಕವರಿದ್ದಾಗ ನಾವು ಕೆಲಸ ಮಾಡದೆ ಕೂತರೆ ಅಜ್ಜಿ, “ನಳಿ ಹಿಡಿದುಕೊಂಡು ಧಕ್ಕೆಗೆ ಹೋಗು, ನಿನ್ನ ಮುತ್ತಜ್ಜನ ಹಾಗೆ” ಅಂತ ಬೈಯುತ್ತಿದ್ದಳು. ಧಕ್ಕೆ ಅಂದರೆ ಬಂದರಿನ ಕಟ್ಟೆ. ಬೈಗುಳದಲ್ಲಿ ಮಾತ್ರ ಉಳಿದುಕೊಂಡಿದ್ದ ವಸ್ತು ಅದು. ಕೈಗೆ ಬಂದಾಗ ನಿಜಕ್ಕೂ ಮೈ ಜುಂ ಅಂದಿತು.

ಮುತ್ತಜ್ಜ ಅಂದರೆ ನನ್ನ ಅಜ್ಜನ ಅಪ್ಪ. ನಾನು ಅವರನ್ನು ನೋಡಿಲ್ಲ. ಮನೆಯಲ್ಲಿ ಅವರ ಕಥೆ ಮೂರೇ ಮಾತಿನದು. ಹಡಗಿನಲ್ಲಿ ಊಟ ಬಡಿಸುವ ಕೆಲಸಕ್ಕೆ ಬೊಂಬಾಯಿಗೆ ಹೋದ. ವಿಲಾಯತಿಯಲ್ಲಿ ಹಡಗು ಬಿಟ್ಟು ಓಡಿದ. ಅಂಕೋಲೆಯಲ್ಲಿ ಉಪ್ಪು ಮಾಡಿದ ವರ್ಷ ಬರಿಗೈಯಲ್ಲಿ ವಾಪಸ್ ಬಂದ, ಆಮೇಲೆ ಸಾಯುವವರೆಗೆ ಕೆಲಸ ಮಾಡಲಿಲ್ಲ. ಉಪ್ಪಿನ ವರ್ಷ ಅಂದರೆ 1930. ನಮ್ಮಲ್ಲಿ ವರ್ಷ ಲೆಕ್ಕ ಹಾಕುವುದು ಹಾಗೆ.

ನಳಿಯಲ್ಲಿ ಎರಡು ಕಾಗದ ಇವೆ. ಒಂದು ಬೊಂಬಾಯಿಯದು. ಒಂದೊಂದು ಸಾಲಿಗೆ ಒಂದು ಹಡಗಿನ ಹೆಸರು, ಹತ್ತಿದ ದಿನ, ಇಳಿದ ದಿನ, ಕೊನೆಯಲ್ಲಿ ‘ವೆರಿ ಗುಡ್’ ಅಂತ ಮುದ್ರೆ. 1919ರಿಂದ ಶುರುವಾಗುತ್ತದೆ. 1923ರ ಕೊನೆಯ ಸಾಲಿನಲ್ಲಿ ಹತ್ತಿದ ದಿನ ಇದೆ, ಇಳಿದ ದಿನ ಇಲ್ಲ, ಮುದ್ರೆಯೂ ಇಲ್ಲ. ಕೆಳಗೆ ಮುತ್ತಜ್ಜನ ಸಹಿ. ಅಕ್ಷರ ದುಂಡಗೆ, ಚಂದ ಇದೆ. ಇಗರ್ಜಿ ಶಾಲೆಯಲ್ಲಿ ಕಲಿತವರಂತೆ.

ಇನ್ನೊಂದು ಮಡಚಿದ ದಪ್ಪ ಕಾಗದ. ವೇಲ್ಸ್‌ನ ಒಂದು ಬಂದರಿನ ಪೊಲೀಸರು 1926ರಲ್ಲಿ ಕೊಟ್ಟದ್ದು. ಅದರ ಮೇಲೆ ‘ಏಲಿಯನ್’ ಅಂತ ಅಚ್ಚಾಗಿದೆ. ಅಂದರೆ ಅನ್ಯದೇಶದವ. ಒಂದು ಸಣ್ಣ ಫೋಟೊ ಇದೆ. ನಮ್ಮ ಅಪ್ಪನದೇ ಮೂಗು, ಅಪ್ಪನದೇ ಕಿವಿ. ರಾಷ್ಟ್ರೀಯತೆ ಅನ್ನುವ ಕಡೆ ಮೊದಲು ‘ಪೋರ್ಚುಗೀಸ್’ ಅಂತ ಬರೆದು, ಗೀಟು ಹೊಡೆದು, ಮೇಲೆ ‘ಇಂಡಿಯನ್’ ಅಂತ ಬರೆದಿದ್ದಾರೆ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ಅಷ್ಟು ಚಂದ ಸಹಿ ಹಾಕುವ ಮನುಷ್ಯನಿಂದ ಹೆಬ್ಬೆಟ್ಟು ಯಾಕೆ ಒತ್ತಿಸಿಕೊಂಡರು? ಇದನ್ನು ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಕಾರವಾರ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಬ್ರಿಟಿಷರದೇ ನೆಲ. ಅಲ್ಲಿ ಹುಟ್ಟಿದವನು ಅವರದೇ ಪ್ರಜೆ ಅಲ್ವಾ? ಅವರ ದೇಶದಲ್ಲೇ ಅನ್ಯ ಹೇಗಾದ? ಪೋರ್ಚುಗೀಸ್ ಅಂತ ಯಾಕೆ ಬಂತು? ಆಮೇಲೆ, ಈ ಕಾಗದಕ್ಕೂ ಊರಿಗೆ ಬಂದ ಮೇಲೆ ಅವರಿಗೆ ಕೆಲಸ ಸಿಗದೇ ಇದ್ದದ್ದಕ್ಕೂ ಸಂಬಂಧ ಇದೆಯಾ? ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ಅವರನ್ನು ಸೋಮಾರಿ ಅಂದಿದೆ. ನಾನೂ ಅಂದಿದ್ದೇನೆ. ಅದು ಸರಿಯಾ ಅಂತ ತಿಳಿಯಬೇಕು.

ಸದಾಶಿವಗಡ_ಬೋಸನ್:

ತಂಗಿ, ನಾನು 34 ವರ್ಷ ಹಡಗಿನಲ್ಲಿದ್ದು ಬೋಸನ್, ಅಂದರೆ ಡೆಕ್ಕಿನ ಖಲಾಸಿಗಳ ಮುಖ್ಯಸ್ಥ ಆಗಿ ನಿವೃತ್ತಿಯಾದವನು. ನಳಿ ಅನ್ನುವ ಮಾತು ಕೇಳಿ ಸಂತೋಷ ಆಯಿತು. ನಾನು ಮೊದಲ ಹಡಗು ಹತ್ತಿದಾಗಲೂ ಹಳಬರು ಸಿಡಿಸಿ ಪುಸ್ತಕಕ್ಕೆ, ಅಂದರೆ ಹತ್ತಿ ಇಳಿದ ಹಡಗುಗಳ ದಾಖಲೆಗೆ, ನಳಿ ಅಂತಲೇ ಹೇಳುತ್ತಿದ್ದರು. ಹಡಗಿನವನಿಗೆ ಅದೇ ಅನ್ನ. ಅದು ಕಳೆದರೆ, ಇಲ್ಲವೇ ಅದರಲ್ಲಿ ಒಂದು ಕೆಟ್ಟ ಮಾತು ಬಿದ್ದರೆ ಕೆಲಸ ಮುಗಿದ ಹಾಗೆ. ‘ವೆರಿ ಗುಡ್’ ಬದಲು ‘ಡಿಕ್ಲೈನ್ಸ್ ಟು ರಿಪೋರ್ಟ್’ ಅಂತ ಬರೆದರೆ ಸಾಕು. ಅಂದರೆ ಈ ಮನುಷ್ಯನ ಬಗ್ಗೆ ನಾನು ಏನೂ ಹೇಳುವುದಿಲ್ಲ ಅಂತ ಕಪ್ತಾನ ಬರೆದುಕೊಟ್ಟ ಹಾಗೆ. ಮುಂದಿನ ಹಡಗಿನವನು ಅದನ್ನು ಓದಿ ಕೈ ಆಡಿಸಿ ಕಳಿಸುತ್ತಿದ್ದ.

ಕೊನೆಯ ಸಾಲಿನಲ್ಲಿ ಇಳಿದ ದಿನ ಇಲ್ಲ ಅಂದಿರಲ್ಲ, ಅಲ್ಲೇ ಎಲ್ಲ ಇದೆ. ಬೊಂಬಾಯಿಯಲ್ಲಿ ಹತ್ತಿದ ಲಸ್ಕರ್‌ಗಳನ್ನು, ಅಂದರೆ ಬ್ರಿಟಿಷ್ ಹಡಗಿನಲ್ಲಿ ದುಡಿಯುವ ನಮ್ಮ ಕಡೆಯ ನಾವಿಕರನ್ನು, ವಾಪಸ್ ಹಿಂದೂಸ್ತಾನದ ಬಂದರಿನಲ್ಲೇ ಇಳಿಸಬೇಕು ಅಂತ ಅವರ ಕರಾರು ಇರುತ್ತಿತ್ತು. ಇಂಗ್ಲೆಂಡಿನಲ್ಲಿ ಲೆಕ್ಕ ಚುಕ್ತಾ ಮಾಡಿಸಿಕೊಂಡು ಇಳಿಯುವ ಹಾಗಿರಲಿಲ್ಲ. ಹಾಗಾಗಿ ನಿಮ್ಮ ಮುತ್ತಜ್ಜ ವೇಲ್ಸ್‌ನಲ್ಲಿ ಹಡಗು ಬಿಟ್ಟದ್ದು ನಿಜ. ಮನೆಯವರು ಹೇಳಿದ್ದರಲ್ಲಿ ಆ ಭಾಗ ಸುಳ್ಳಲ್ಲ. ಕಾನೂನಿನ ಕಣ್ಣಿಗೆ ಅದು ಅಪರಾಧ. ಬರಬೇಕಿದ್ದ ಸಂಬಳವೂ ಹೋಗುತ್ತಿತ್ತು.

ಆದರೆ ಯಾಕೆ ಬಿಟ್ಟರು ಅಂತ ಕೇಳಿ. ಲಸ್ಕರ್ ಕರಾರಿನ ಮೇಲೆ ಹೋದವನಿಗೆ ತಿಂಗಳಿಗೆ ಇಪ್ಪತ್ತು ಮೂವತ್ತು ರೂಪಾಯಿ. ಅದೇ ಹೊತ್ತಿಗೆ ಬ್ರಿಟಿಷ್ ಖಲಾಸಿಗೆ ಸುಮಾರು 9 ಪೌಂಡ್. ರೂಪಾಯಿಗೆ ಒಂದು ಶಿಲ್ಲಿಂಗ್ ಆರು ಪೆನ್ಸ್ ದರದಲ್ಲಿ ಅದು 120 ರೂಪಾಯಿ. ಅದೇ ಸಮುದ್ರ, ಅದೇ ಬಿರುಗಾಳಿ, ಕೂಲಿ ಮಾತ್ರ ನಾಲ್ಕರಿಂದ ಆರು ಪಟ್ಟು ವ್ಯತ್ಯಾಸ. ಇನ್ನು ಮಲಗುವ ಜಾಗ. 1906ರ ಕಾಯಿದೆ ಬಂದ ಮೇಲೆ ಬ್ರಿಟಿಷ್ ಹಡಗಿನವನಿಗೆ 120 ಘನ ಅಡಿ ಕೊಡಬೇಕಿತ್ತು. ಲಸ್ಕರ್‌ಗೆ 36 ಘನ ಅಡಿ ಸಾಕಿತ್ತು. ಆರು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಅಡಿ ಎತ್ತರ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿ. ನಾನು ಒಮ್ಮೆ ನನ್ನ ಮೊಮ್ಮಗನಿಗೆ ಹಾಗೆ ತೋರಿಸಿದ್ದೆ. ಅವನು ಅದರಲ್ಲಿ ಮಲಗಿ, ಅಜ್ಜಾ ಮಗ್ಗುಲು ಬದಲಿಸುವುದು ಹೇಗೆ ಅಂತ ಕೇಳಿದ.

ಬೊಂಬಾಯಿಯಲ್ಲಿ ಆ ಕೆಲಸ ಹಿಡಿಯುವುದಕ್ಕೇ ಸಾಲ ಆಗಿರುತ್ತಿತ್ತು. ಡೆಕ್ಕಿನ ಕೆಲಸಕ್ಕೆ ಜನ ಆರಿಸುವವನು ಸಾರಂಗ, ಊಟದ ಕಡೆಯ ಕೆಲಸಕ್ಕೆ ಬಟ್ಲರ್. ಅವರ ಕೈ ಬಿಸಿ ಮಾಡದೆ ಹಡಗಿಲ್ಲ. ಕೆಲಸ ಕೊಡಿಸಲು ದುಡ್ಡು ತೆಗೆದುಕೊಳ್ಳಬಾರದು ಅಂತ 1920ರಲ್ಲೇ ಜಿನೋವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನದಲ್ಲಿ ತೀರ್ಮಾನ ಆಗಿತ್ತು. ಬೊಂಬಾಯಿಯ ಗಲ್ಲಿಯಲ್ಲಿ ಅದನ್ನು ಕೇಳುವವರು ಯಾರು?

ಹಾಗಾಗಿ ಬ್ರಿಟಿಷ್ ಬಂದರಿನಲ್ಲಿ ಹಡಗು ಬಿಟ್ಟು, ಕೆಲವು ದಿನ ಯಾರದೋ ಮನೆಯಲ್ಲಿ ಅಡಗಿದ್ದು, ಆಮೇಲೆ ಬಿಳಿಯರ ಕರಾರಿನಲ್ಲೇ ಬೇರೆ ಹಡಗು ಹತ್ತುವವರು ಇದ್ದರು. ಅದು ಓಡಿಹೋಗುವುದಲ್ಲ, ತಂಗಿ. ಸರಿಯಾದ ಕೂಲಿ ಸಿಗುವ ಕಡೆ ನಡೆದುಹೋಗುವುದು.

ಶಿರಸಿ_ಮಾಸ್ತರ:

ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದೆ. ಬೋಸನ್ ಅವರು ಹಡಗಿನ ಒಳಗಿನದ್ದು ಹೇಳಿದರು. ನಾನು ದಡದ ಕಡೆಯದ್ದು ಹೇಳುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಹಡಗುಗಳನ್ನು ನಡೆಸಿದ್ದರಲ್ಲಿ ನಮ್ಮವರ ಪಾಲು ದೊಡ್ಡದು. 3,000ಕ್ಕೂ ಜಾಸ್ತಿ ಲಸ್ಕರ್‌ಗಳು ಆ ಯುದ್ಧದಲ್ಲಿ ಸತ್ತರು. ಯುದ್ಧ ಮುಗಿದ ಕೂಡಲೇ ಸೈನಿಕರು ಊರಿಗೆ ಬಂದರು, ಕೆಲಸ ಇಲ್ಲ. 1919ರಲ್ಲಿ ಗ್ಲಾಸ್ಗೋ, ಲಿವರ್‌ಪೂಲ್, ಕಾರ್ಡಿಫ್ ಮುಂತಾದ ಬಂದರುಗಳಲ್ಲಿ ಕಪ್ಪು ಮೈಬಣ್ಣದ ನಾವಿಕರ ಮೇಲೆ ಗುಂಪುಗಳು ಬಿದ್ದವು. ಅವರು ಉಳಿದುಕೊಳ್ಳುವ ಮನೆಗಳನ್ನು ಒಡೆದರು. ಲಿವರ್‌ಪೂಲಿನಲ್ಲಿ ಚಾರ್ಲ್ಸ್ ವೂಟನ್ ಅನ್ನುವ ಯುವಕನನ್ನು ಗುಂಪು ಅಟ್ಟಿಸಿಕೊಂಡು ಹೋಯಿತು, ಅವನು ಬಂದರಿನ ನೀರಿನಲ್ಲಿ ಸತ್ತ. ಸರಕಾರ ಕಂಡುಕೊಂಡ ದಾರಿ ಯಾವುದು ಗೊತ್ತಾ? ಹೊಡೆಸಿಕೊಂಡವರನ್ನೇ ಅವರವರ ದೇಶಕ್ಕೆ ವಾಪಸ್ ಕಳಿಸುವುದು.

ಆಮೇಲೆ 1925ರಲ್ಲಿ ಒಂದು ಆಜ್ಞೆ ಬಂತು. ಬಣ್ಣದ ಮೈಯ ಅನ್ಯದೇಶದ ನಾವಿಕರೆಲ್ಲ ಪೊಲೀಸರ ಹತ್ತಿರ ಹೆಸರು ಬರೆಸಬೇಕು ಅಂತ. ಶುರುವಿನಲ್ಲಿ ಕೆಲವು ಬಂದರುಗಳಿಗೆ ಮಾತ್ರ ಇತ್ತು, ಮುಂದಿನ ವರ್ಷ ಬೇರೆ ಕಡೆಗೂ ಹಬ್ಬಿಸಿದರು. ಅಕ್ಷರಶಃ ಓದಿದರೆ ಅದು ಬ್ರಿಟಿಷ್ ಪ್ರಜೆಗಳಿಗೆ ತಾಗಬಾರದು. ನೀವು ಹೇಳಿದ್ದು ಸರಿ. 1914ರ ಪ್ರಜಾ ಕಾಯಿದೆ ಪ್ರಕಾರ ಸುಂಕೇರಿಯಲ್ಲಿ ಹುಟ್ಟಿದವನು ಲಂಡನ್ನಿನಲ್ಲಿ ಹುಟ್ಟಿದವನಷ್ಟೇ ಬ್ರಿಟಿಷ್ ಪ್ರಜೆ.

ಆದರೆ ‘ನಾನು ಬ್ರಿಟಿಷ್ ಪ್ರಜೆ’ ಅಂತ ಅವನೇ ಸಾಬೀತು ಮಾಡಬೇಕಿತ್ತು. ಹೇಗೆ ಮಾಡುತ್ತಾನೆ? ಲಸ್ಕರ್‌ಗಳು ಪಾಸ್‌ಪೋರ್ಟ್ ಹಿಡಿದು ಹೋದವರಲ್ಲ, ನಳಿ ಹಿಡಿದು ಹೋದವರು. ನಳಿಯನ್ನು ಪೊಲೀಸರು ಸಾಕ್ಷಿ ಅಂತ ಒಪ್ಪುತ್ತಿರಲಿಲ್ಲ. ಬಿಳಿ ಮೈಯವನು ಬಾಯಲ್ಲಿ ಹೇಳಿದರೆ ನಡೆಯುತ್ತಿತ್ತು. ನಮ್ಮವನು ಕಾಗದ ತೋರಿಸಬೇಕು, ಇಲ್ಲದಿದ್ದರೆ ‘ಏಲಿಯನ್’. ಪಂಜಾಬಿನವರು, ಏಡನ್ನಿನವರು, ಆಫ್ರಿಕಾದ ಬ್ರಿಟಿಷ್ ವಸಾಹತಿನವರು ಎಷ್ಟೋ ಜನ ಹೀಗೆ ಒಂದು ದಿನ ಬೆಳಗಾಗುವುದರೊಳಗೆ ಅನ್ಯರಾದರು. ಹಿಂದೂಸ್ತಾನದ ಆಡಳಿತ ನೋಡುತ್ತಿದ್ದ ಲಂಡನ್ನಿನ ಇಂಡಿಯಾ ಆಫೀಸಿಗೂ ಇದರಿಂದ ಮುಜುಗರ ಆಯಿತು. ಹಿಂದೂಸ್ತಾನದಲ್ಲಿ ಸುದ್ದಿಯಾದರೆ ಏನು ಗತಿ ಅಂತ ಅವರ ಚಿಂತೆ.

ಇಲ್ಲಿ ನಮ್ಮ ಜಿಲ್ಲೆಯದೇ ಒಂದು ವಿಶೇಷ ಇದೆ. ಮಕ್ಕಳಿಗೆ ಪಾಠ ಮಾಡುವಾಗ ನಾನು ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಸುಂಕೇರಿಯಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ. ಕಾಳಿ ನದಿ ದಾಟಿ, ಮಾಜಾಳಿ ಕಳೆದು ಗೋವಾದ ಪೊಳೆಂನಲ್ಲಿ ಹುಟ್ಟಿದವನು ಪೋರ್ಚುಗೀಸ್ ಪ್ರಜೆ. ನಮ್ಮ ಸಿದ್ದಾಪುರ ದಾಟಿ ತಾಳಗುಪ್ಪದಲ್ಲಿ ಹುಟ್ಟಿದವನು ಮೈಸೂರು ಮಹಾರಾಜರ ಪ್ರಜೆ. ಅವನು ಕಾನೂನಿನಲ್ಲಿ ಬ್ರಿಟಿಷ್ ಪ್ರಜೆಯೂ ಅಲ್ಲ, ಬ್ರಿಟಿಷರ ‘ರಕ್ಷಣೆಯಲ್ಲಿರುವವ’ ಅಷ್ಟೇ. ಒಂದೇ ಮದುವೆ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಮೂರು ಜನ ಇಂಗ್ಲೆಂಡಿನ ದಡದಲ್ಲಿ ಇಳಿದರೆ ಮೂರು ಬೇರೆ ಬೇರೆ ಜಾತಿಯ ಮನುಷ್ಯರು.

ಹಾಗಾಗಿ ಪೋರ್ಚುಗೀಸ್ ಅಂತ ಬರೆದು ಗೀಟು ಹೊಡೆದದ್ದು ನನಗೆ ಆಶ್ಚರ್ಯ ತರಲಿಲ್ಲ. ಬೊಂಬಾಯಿಯ ಕಾಗದದಲ್ಲಿ ಹುಟ್ಟಿದ ಊರು ಏನು ಅಂತ ಇದೆ? ಅದನ್ನು ಸರಿಯಾಗಿ ನೋಡಿ ಹೇಳಿ.

ಸುಂಕೇರಿಯವಳು:

ಮಾಸ್ತರರೇ, ನೀವು ಕೇಳಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಹುಟ್ಟಿದ ಊರು ಅನ್ನುವಲ್ಲಿ ಸುಂಕೇರಿ ಅಂತ ಇಲ್ಲ. ಕಾರವಾರ ಅಂತಲೂ ಇಲ್ಲ. ‘ಕಾಣಕೋಣ’ ಅಂತ ಇದೆ, ಗೋವಾದ ಊರು!

ಮೊದಲು ತಲೆ ತಿರುಗಿತು. ನಮ್ಮ ಮನೆತನ ಗೋವಾದಿಂದ ಬಂದದ್ದು ಹೌದು, ಆದರೆ ಅದು ಎಷ್ಟೋ ತಲೆಮಾರಿನ ಹಿಂದೆ. ಇವತ್ತಿಗೂ ನಮ್ಮ ಅಡ್ಡಹೆಸರು ಕೇಳಿದವರು ನೀವು ಗೋವಾದವರಾ ಅಂತಲೇ ಕೇಳುತ್ತಾರೆ. ಆಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಕೇಳಿ. ಬೊಂಬಾಯಿಯಲ್ಲಿ ಗೋವಾದವರಿಗೆ ಊರೂರಿನ ‘ಕೂಡ್’ ಇರುತ್ತಿತ್ತು. ಹಡಗು ಸಿಗುವವರೆಗೆ ಅಲ್ಲಿ ಪೆಟ್ಟಿಗೆ ಇಟ್ಟು, ಚಾಪೆ ಹಾಸಿ ಮಲಗುವ ಜಾಗ. ಪ್ರಾರ್ಥನೆಗೆ ಒಂದು ಅಲ್ತಾರು, ಸಂಜೆ ಜಪಮಾಲೆಯ ತೇರ್ಸ. ನಮ್ಮ ಮುತ್ತಜ್ಜನ ಸೋದರಮಾವ ಕಾಣಕೋಣದವರು. ಅವರ ಊರಿನ ಕೂಡ್‌ನಲ್ಲಿ ಮುತ್ತಜ್ಜನಿಗೂ ಜಾಗ ಸಿಕ್ಕಿತ್ತು. ಪ್ರಯಾಣಿಕರ ಹಡಗಿನಲ್ಲಿ ಊಟ ಬಡಿಸುವ ಕೆಲಸಕ್ಕೆ ಗೋವಾದವರನ್ನೇ ಕರೆಯುತ್ತಿದ್ದರು, ಬಟ್ಲರ್ ಸಹ ಗೋವಾದವನೇ. ಹಾಗಾಗಿ ಯಾರೋ ‘ಊರು ಕಾಣಕೋಣ ಅಂತ ಬರೆಸು, ಬೇಗ ಹಡಗು ಸಿಗುತ್ತದೆ’ ಅಂದಿರಬೇಕು ಅಂತ ಚಿಕ್ಕಪ್ಪ.

ಅಂದರೆ ಹೊಟ್ಟೆಪಾಡಿಗೆ ಒಂದು ಊರಿನ ಹೆಸರು ಬದಲಿಸಿದರು. ಆ ಒಂದು ಪದ ಅವರನ್ನು ವೇಲ್ಸ್‌ವರೆಗೂ ಅಟ್ಟಿಸಿಕೊಂಡು ಹೋಯಿತು. ಪೊಲೀಸರ ಮುಂದೆ ‘ಅಲ್ಲ, ನಾನು ಕಾರವಾರದವನು, ನಿಮ್ಮದೇ ಪ್ರಜೆ’ ಅಂತ ಎಷ್ಟು ಹೇಳಿದರೋ! ಗೀಟು ಹೊಡೆಸುವಷ್ಟು ಹೇಳಿದ್ದಾರೆ ಅಂತ ಕಾಣುತ್ತದೆ. ‘ಏಲಿಯನ್’ ಅನ್ನುವುದನ್ನು ಮಾತ್ರ ಅಳಿಸಲು ಆಗಲಿಲ್ಲ.

ಕುಮಟಾ_ಕಡಲು:

ಅಕ್ಕ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಬೇಡಿ. ಆ ಬ್ರಿಟಿಷ್ ಖಲಾಸಿಯ ಕಡೆಯಿಂದಲೂ ನೋಡಿ. ಯುದ್ಧ ಮಾಡಿ ಬಂದಿದ್ದಾನೆ, ಮನೆಯಲ್ಲಿ ಮಕ್ಕಳಿದ್ದಾರೆ, ಕಂಪನಿ ಐದನೇ ಒಂದು ಪಾಲಿಗೆ ಸಿಗುವ ಜನರನ್ನು ತಂದು ತುಂಬುತ್ತದೆ. ಅವನಿಗೆ ಸಿಟ್ಟು ಬರುವುದಿಲ್ಲವಾ? ನಮ್ಮ ಬಂದರುಗಳಲ್ಲೇ ನೋಡಿ. ಬೋಟಿನ ಕೆಲಸಕ್ಕೆ ಒಡಿಶಾ, ಜಾರ್ಖಂಡ್ ಕಡೆಯ ಹುಡುಗರು ಬರುತ್ತಾರೆ. ನಮ್ಮ ಹುಡುಗರ ಕೆಲಸ ಹೋಯಿತು ಅಂತ ನಾವೇ ಹೇಳುವುದಿಲ್ಲವಾ? ನಾನೂ ಹೇಳಿದ್ದೇನೆ. ನನ್ನ ತಮ್ಮ ಎರಡು ಸೀಸನ್ ಸುಮ್ನೆ ಕೂತಿದ್ದ.

ಸದಾಶಿವಗಡ_ಬೋಸನ್:

ತಮ್ಮಾ, ಸಿಟ್ಟು ಬರುವುದು ಸಹಜ. ನಿನ್ನ ತಮ್ಮನ ಕಷ್ಟವೂ ಸುಳ್ಳಲ್ಲ. ನಾನು ಕೇಳುವುದು, ಸಿಟ್ಟು ಯಾರ ಮೇಲೆ?

ಅಲ್ಲಿನ ನಾವಿಕರ ಯೂನಿಯನ್ನಿನ ನಾಯಕ ಹ್ಯಾವ್‌ಲಾಕ್ ವಿಲ್ಸನ್. ಬಹಳ ವರ್ಷ ಅವನದೇ ಮಾತು ನಡೆಯುತ್ತಿತ್ತು. ಕಡಿಮೆ ಸಂಬಳ ಕೊಡುವವರು ಯಾರು? ಹಡಗಿನ ಯಜಮಾನರು. ಆದರೆ ಯೂನಿಯನ್ ಯಜಮಾನರ ಜೊತೆ ಒಪ್ಪಂದ ಮಾಡಿಕೊಂಡು, ಏಷ್ಯಾದವರನ್ನು ಹೊರಗಿಡಿ ಅಂತ ಕೂಗಿತು. ಲಸ್ಕರ್‌ಗೂ ಅದೇ 9 ಪೌಂಡ್ ಕೊಡಿ ಅಂತ ಹಟ ಹಿಡಿದಿದ್ದರೆ ಅವನನ್ನು ಅಗ್ಗಕ್ಕೆ ತರುವ ಲಾಭವೇ ಇರುತ್ತಿರಲಿಲ್ಲ ಅಲ್ವಾ? ಹಾಗೆ ಮಾಡಲಿಲ್ಲ. ಹಾಗಾಗಿ ಕಂಪನಿಗಳು ಎರಡೂ ಕಡೆ ಗೆದ್ದವು. ಬೊಂಬಾಯಿ ಕಲ್ಕತ್ತೆಯಲ್ಲಿ ಅಗ್ಗದ ಕರಾರಿನ ಮೇಲೆ ಜನ ತುಂಬಿಸಿಕೊಳ್ಳುವುದು ನಿಲ್ಲಲಿಲ್ಲ. 1930ರ ದಶಕದ ಕೊನೆಗೆ ಬ್ರಿಟಿಷ್ ಹಡಗುಗಳಲ್ಲಿ ಸುಮಾರು 50,000 ಲಸ್ಕರ್‌ಗಳಿದ್ದರು, ನಾಲ್ಕು ಜನರಲ್ಲಿ ಒಬ್ಬ. ಪೊಲೀಸರ ಕಾಟ ಬಿದ್ದದ್ದು ನಮ್ಮ ತಂಗಿಯ ಮುತ್ತಜ್ಜನಂಥವರ ಮೇಲೆ, ಅಂದರೆ ಅಲ್ಲೇ ನಿಂತು ಪೂರ್ತಿ ಕೂಲಿ ಕೇಳಿದವರ ಮೇಲೆ. ಅಗ್ಗಕ್ಕೆ ದುಡಿದರೆ ಲಸ್ಕರ್, ಸರಿಯಾದ ಕೂಲಿ ಕೇಳಿದರೆ ಏಲಿಯನ್. ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತದೆ.

1930ರಲ್ಲಿ ಸೌತ್ ಶೀಲ್ಡ್ಸ್‌ನಲ್ಲಿ ಅರಬ್ ನಾವಿಕರಿಗೆ ಬೇರೆಯೇ ಸರದಿ ಪಟ್ಟಿ ಮಾಡಿದರು. ಅವರು ಎದುರು ನಿಂತರು, ಆಗಸ್ಟಿನಲ್ಲಿ ಗಲಭೆ ಆಯಿತು. 1935ರಲ್ಲಿ ಸರಕಾರ ಸರಕು ಹಡಗುಗಳಿಗೆ 20 ಲಕ್ಷ ಪೌಂಡ್ ಸಹಾಯಧನ ಕೊಟ್ಟಿತು. ಆ ದುಡ್ಡು ಪಡೆದ ಹಡಗಿನಲ್ಲಿ ಬ್ರಿಟಿಷರಿಗೇ ಮೊದಲ ಕೆಲಸ ಅಂತಾಯಿತು. ‘ಏಲಿಯನ್’ ಕಾಗದ ಇದ್ದವರು ಕಾರ್ಡಿಫ್‌ನಲ್ಲಿ ಹಸಿದು ಕೂತರು. ಅದೇ ವರ್ಷ ಲಂಡನ್ನಿನಲ್ಲಿ ಬಾರ್ಬಡೋಸಿನ ಕ್ರಿಸ್ ಬ್ರೈತ್‌ವೇಟ್ ಅನ್ನುವ ನಾವಿಕ ಮುಂದೆ ನಿಂತು ಕಲೋನಿಯಲ್ ಸೀಮೆನ್ಸ್ ಅಸೋಸಿಯೇಷನ್ ಕಟ್ಟಿದ. ನಮ್ಮ ದೇಶದ ಸೂರತ್ ಅಲಿ ಅವನ ಜೊತೆಗಿದ್ದರು.

ಕೊನೆಗೆ ನಮ್ಮವರು ತಾವೇ ನಿಂತು ಕೇಳಿದರು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದ ಕೂಡಲೇ ಬ್ರಿಟಿಷ್ ಬಂದರುಗಳಲ್ಲಿ ಲಸ್ಕರ್‌ಗಳು ಹಡಗು ನಡೆಸುವುದಿಲ್ಲ ಅಂತ ಕೂತರು. ನೂರಾರು ಜನ ಜೈಲಿಗೆ ಹೋದರು. ಆದರೂ ವರ್ಷ ಮುಗಿಯುವುದರೊಳಗೆ ಸಂಬಳ ಏರಿಸಲೇಬೇಕಾಯಿತು. ಬೋಟಿನ ವಿಷಯಕ್ಕೂ ನಾನು ಹೇಳುವುದು ಇಷ್ಟೇ, ತಮ್ಮಾ. ಆ ಒಡಿಶಾದ ಹುಡುಗನಿಗೆ ನಿನ್ನ ತಮ್ಮನಷ್ಟೇ ಪಾಲು ಕೊಡಿ ಅಂತ ಬೋಟಿನ ಯಜಮಾನನಿಗೆ ಹೇಳು. ಆಮೇಲೆ ನೋಡು ಅವನು ಯಾರನ್ನು ಕರೆಯುತ್ತಾನೆ ಅಂತ.

ಕುಮಟಾ_ಕಡಲು:

ಸರಿ ಬೋಸನ್ ಕಾಕಾ. ಆ ಲೆಕ್ಕ ನಾನು ಯೋಚಿಸಿರಲಿಲ್ಲ. ತಮ್ಮನಿಗೆ ತೋರಿಸುತ್ತೇನೆ.

ಭಟ್ಕಳದ_ಮೊಮ್ಮಗ:

ನಮ್ಮ ಕಡೆಯದೂ ಸ್ವಲ್ಪ ಸೇರಿಸಲಾ? ನಾವು ಭಟ್ಕಳದ ನವಾಯತರು. ನಮ್ಮ ಅಜ್ಜನ ಕಾಲದಲ್ಲಿ ದುಬೈ ಇರಲಿಲ್ಲ, ಕೊಲಂಬೊ ಇತ್ತು. ಅಜ್ಜ ಹದಿನಾಲ್ಕನೇ ವಯಸ್ಸಿಗೆ ಅಲ್ಲಿ ಸಂಬಂಧಿಕರ ಬಟ್ಟೆ ಅಂಗಡಿಗೆ ಸೇರಿದವರು. ಅವರು ಹೇಳುತ್ತಿದ್ದ ಒಂದು ವಿಷಯ ಈಗ ನೆನಪಾಯಿತು.

ಕೊಲಂಬೊದ ಕೆಲಸಗಾರರ ದೊಡ್ಡ ನಾಯಕ ಎ. ಇ. ಗುಣಸಿಂಹ. 1920ರ ದಶಕದಲ್ಲಿ ಬಂದರಿನವರು, ಟ್ರಾಮಿನವರು, ಎಲ್ಲರನ್ನೂ ಸೇರಿಸಿ ಮುಷ್ಕರ ಮಾಡಿಸಿದ ಮನುಷ್ಯ. ಆಗ ಸಿಂಹಳದವರು, ತಮಿಳರು, ಮಲಯಾಳಿಗಳು ಜೊತೆಗೇ ನಿಲ್ಲುತ್ತಿದ್ದರು. 1930ರ ಮುಗ್ಗಟ್ಟು ಬಂದು ಕೆಲಸ ಕಡಿಮೆಯಾದಾಗ ಅದೇ ನಾಯಕ ಮಲಯಾಳಿಗಳನ್ನು ಓಡಿಸಿ ಅಂತ ಶುರು ಮಾಡಿದ. ಅಜ್ಜ ಕಣ್ಣಾರೆ ಕಂಡವರು. ನಿನ್ನೆಯವರೆಗೆ ಒಂದೇ ಬೀಡಿ ಹಂಚಿಕೊಂಡವರು ಮಾತು ಬಿಟ್ಟರು ಅನ್ನುತ್ತಿದ್ದರು.

1939ರಲ್ಲಿ ಸಿಲೋನ್ ಸರಕಾರ ತನ್ನ ಇಲಾಖೆಗಳಲ್ಲಿ ದಿನಗೂಲಿಗಿದ್ದ ಭಾರತದವರನ್ನು ತೆಗೆಯುವ ನಿರ್ಧಾರ ಮಾಡಿತು. ಆ ಜುಲೈನಲ್ಲಿ ನೆಹರೂ ಹೋಗಿ ಮಾತಾಡಿದರು, ಕೆಲಸ ಆಗಲಿಲ್ಲ. ಆಗಸ್ಟ್ 1ರಿಂದ ಭಾರತ ಸರಕಾರ ಕೂಲಿ ಕೆಲಸಕ್ಕೆ ಸಿಲೋನಿಗೆ ಹೋಗುವುದನ್ನೇ ನಿಲ್ಲಿಸಿತು. ದಡದ ಎರಡೂ ಕಡೆ ಬಾಗಿಲು ಹಾಕಿದ ಹಾಗಾಯಿತು. ಅಂಗಡಿಯವರಿಗೆ ನೇರ ಪೆಟ್ಟು ಬೀಳಲಿಲ್ಲ. ಆದರೆ ಅಂಗಡಿಗೆ ಬರುವವರು ಆ ಕೂಲಿಗಳೇ ಅಲ್ವಾ. ಸಾಲದ ಪುಸ್ತಕದಲ್ಲಿ ಹೆಸರು ಉಳಿಯಿತು, ಮನುಷ್ಯರು ಹೋದರು ಅಂತ ಅಜ್ಜ ಹೇಳುತ್ತಿದ್ದರು.

ರಂಗೂನಿನದು ಇನ್ನೂ ಕೆಟ್ಟದ್ದು. 1930ರ ಮೇ ತಿಂಗಳಲ್ಲಿ ಅಲ್ಲಿನ ಬಂದರಿನ ತೆಲುಗು ಹಮಾಲರು ಜಾಸ್ತಿ ಕೂಲಿ ಕೇಳಿ ಮುಷ್ಕರ ಮಾಡಿದರು. ಕಂಪನಿಯವರು ಬರ್ಮಾದವರನ್ನು ಕರೆದು ಕೆಲಸ ಕೊಟ್ಟರು. ಮುಷ್ಕರ ಮುಗಿದ ಕೂಡಲೇ ಅವರಿಗೆ ನೀವು ಇನ್ನು ಬೇಡ ಅಂದರು. ಮೇ 26ರಂದು ಎರಡೂ ಕಡೆಯ ಬಡವರು ಎದುರೆದುರು ನಿಂತರು. ನೂರಕ್ಕೂ ಜಾಸ್ತಿ ಜನ ಸತ್ತರು, ಅದರಲ್ಲಿ ಬಹುಪಾಲು ಭಾರತದವರು. ಬೋಸನ್ ಕಾಕಾ ಹೇಳಿದ ‘ಸಿಟ್ಟು ಯಾರ ಮೇಲೆ’ ಅನ್ನುವುದನ್ನು ಓದಿ ಇದನ್ನು ಬರೆಯಬೇಕು ಅನ್ನಿಸಿತು.

ಅಕ್ಕಾ, ನಿಮ್ಮ ಮುತ್ತಜ್ಜ ವಾಪಸ್ ಬಂದದ್ದೂ ಅದೇ 1930. ಆ ವರ್ಷ ಎಲ್ಲಿ ನೋಡಿದರೂ ಹಡಗುಗಳು ಸರಕಿಲ್ಲದೆ ಲಂಗರು ಹಾಕಿ ನಿಂತಿದ್ದವು.

ಶಿರಸಿ_ಮಾಸ್ತರ:

ಹೌದು. ಊರಿಗೆ ಬಂದ ಮೇಲೆ ಕೆಲಸ ಯಾಕೆ ಸಿಗಲಿಲ್ಲ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಹಿಂದೂಸ್ತಾನದ ಕೆಲಸಗಾರರ ಸ್ಥಿತಿ ನೋಡಲು ಬಂದ ವಿಟ್ಲಿ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಇರುವ ಹಡಗಿನ ಕೆಲಸಕ್ಕಿಂತ ಕಾಯುವ ಜನ ಎಷ್ಟೋ ಪಾಲು ಜಾಸ್ತಿ ಅಂತ ಅದರಲ್ಲೂ ಇದೆ. ನಳಿ ಸ್ವಚ್ಛ ಇದ್ದವರೇ ವರ್ಷಗಟ್ಟಲೆ ಕಾಯುತ್ತಿದ್ದರು. ನಿಮ್ಮ ಮುತ್ತಜ್ಜನ ನಳಿಯಲ್ಲಿ ಇಳಿದ ದಿನ ಇಲ್ಲದ ಸಾಲು, ಕೈಯಲ್ಲಿ ‘ಏಲಿಯನ್’ ಅನ್ನುವ ಕಾಗದ. ಬೊಂಬಾಯಿಯಲ್ಲಿ ಯಾವ ಬಟ್ಲರ್ ಅವರನ್ನು ಕರೆದಾನು?

ಒಂದು ಕೆಲಸ ಮಾಡಿ. ನಿಮ್ಮ ಇಗರ್ಜಿಯ ಜ್ಞಾನಸ್ನಾನದ ದಾಖಲೆ ಪುಸ್ತಕ ನೋಡಲು ಸಿಗುತ್ತದೆಯಾ ಅಂತ ಪಾದ್ರಿಯವರನ್ನು ಕೇಳಿ. 1926ರಲ್ಲಿ ಅವರ ಹತ್ತಿರ ಇಲ್ಲದೇ ಹೋದ ಸಾಕ್ಷಿ ಅದು.

ಸುಂಕೇರಿಯವಳು:

ಎಲ್ಲರಿಗೂ ಕೈ ಮುಗಿಯುತ್ತೇನೆ. ಎರಡು ವಾರ ಆಯಿತು, ಈಗ ಬರೆಯುತ್ತಿದ್ದೇನೆ.

ಪಾದ್ರಿಯವರು ಪುಸ್ತಕ ತೆಗೆಸಿ ಕೊಟ್ಟರು. 1896ರ ಹಾಳೆಯಲ್ಲಿ ಹೆಸರು ಇದೆ. ಅಪ್ಪನ ಹೆಸರು, ಅಮ್ಮನ ಹೆಸರು, ಊರು ಸುಂಕೇರಿ. ಶಾಯಿ ಕಂದಾಗಿದೆ, ಓದಲು ಬರುತ್ತದೆ. ಒಂದು ಫೋಟೊ ತೆಗೆದುಕೊಂಡೆ.

ಆಮೇಲೆ ಮಡಗಾಂವ್‌ನಲ್ಲಿರುವ ನನ್ನ ಅತ್ತೆಯ ಹತ್ತಿರ ಹೋಗಿದ್ದೆ. ಅಪ್ಪನ ಅಕ್ಕ, ಈಗ 86 ವರ್ಷ. ಮುತ್ತಜ್ಜನನ್ನು ಕಣ್ಣಾರೆ ನೋಡಿದವರಲ್ಲಿ ಅವಳೊಬ್ಬಳೇ ಉಳಿದಿದ್ದಾಳೆ. ನಿಮ್ಮ ಉತ್ತರಗಳನ್ನೆಲ್ಲ ಅವಳಿಗೆ ಓದಿ ಹೇಳಿದೆ. ಕೂಲಿಯ ಲೆಕ್ಕ, 36 ಘನ ಅಡಿ, 1925ರ ಆಜ್ಞೆ, ಎಲ್ಲ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ನಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಫೋಟೊ ನೋಡಿ, “ಮೀಸೆ ಇರಲಿಲ್ಲ ಆಗ” ಅಂದಳು.

ಆಮೇಲೆ ಹೇಳಿದಳು. ಅವಳಿಗೆ ಏಳೆಂಟು ವರ್ಷ ಇರುವಾಗಿನ ಮಾತು. ಮಳೆಗಾಲ ಪೂರ್ತಿ ಕಾರವಾರಕ್ಕೆ ಆಗಬೋಟು, ಅಂದರೆ ಉಗಿಹಡಗು, ಬರುತ್ತಿರಲಿಲ್ಲ. ಮಳೆ ಮುಗಿದು ಬೊಂಬಾಯಿಯಿಂದ ಮೊದಲ ಆಗಬೋಟು ಬರುವ ದಿನ ಅಜ್ಜ ಬೆಳಿಗ್ಗೆ ಬೇಗ ಎದ್ದು ಕ್ಷೌರ ಮಾಡಿಕೊಳ್ಳುತ್ತಿದ್ದರು. ಬಿಳಿ ಕೋಟು ಒಂದಿತ್ತು, ಹಡಗಿನಲ್ಲಿ ಬಡಿಸುವಾಗ ಹಾಕುವಂಥದ್ದು. ಅದನ್ನು ಹಿಂದಿನ ರಾತ್ರಿಯೇ ಇಸ್ತ್ರಿ ಮಾಡಿಸುತ್ತಿದ್ದರು. ಕೋಟು ತೊಟ್ಟು, ನಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಧಕ್ಕೆಗೆ ನಡೆದು ಹೋಗುತ್ತಿದ್ದರು. ಇವಳನ್ನೂ ಕೈ ಹಿಡಿದು ಕರೆದುಕೊಂಡು ಹೋದದ್ದಿದೆ. ಆಗಬೋಟು ದೂರದಲ್ಲಿ ನಿಲ್ಲುತ್ತಿತ್ತು, ದೋಣಿಯಲ್ಲಿ ಜನ ಇಳಿದು ಬರುತ್ತಿದ್ದರು. ಅಜ್ಜ ಒಬ್ಬರನ್ನೂ ಏನೂ ಕೇಳುತ್ತಿರಲಿಲ್ಲ. ಸುಮ್ನೆ ನಿಲ್ಲುತ್ತಿದ್ದರು. ಬೊಂಬಾಯಿಯಿಂದ ಯಾರಾದರೂ ಚೀಟಿ ತಂದಿದ್ದರೆ ಕಾಣಲಿ ಅಂತ ನಳಿಯನ್ನು ಕಂಕುಳಿಂದ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಕೊನೆಯ ದೋಣಿ ಬಂದ ಮೇಲೆ, “ನಡಿ ಬಾಯಿ, ಹೋಗೋಣ” ಅನ್ನುತ್ತಿದ್ದರು.

ಅಜ್ಜಿಯ ಬೈಗುಳ ಬಂದದ್ದು ಅಲ್ಲಿಂದ. ಅತ್ತೆ ನಳಿಯನ್ನು ನನಗೆ ವಾಪಸ್ ಕೊಡಲಿಲ್ಲ. ನವೆಂಬರ್ 2ಕ್ಕೆ ಊರಿಗೆ ಬರುತ್ತೇನೆ, ಸಮಾಧಿಗೆ ಹೋಗುವಾಗ ನಾನೇ ತರುತ್ತೇನೆ ಅಂದಳು. ಜ್ಞಾನಸ್ನಾನದ ಹಾಳೆಯ ಫೋಟೊವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಸುರುಳಿ ಸುತ್ತಿ ಅದರೊಳಗೆ ಹಾಕಿ ಬಂದಿದ್ದೇನೆ.